ಕಣ್ಣು ಮುಚ್ಚದ ಪಟ

ನನ್ನ ಮಾವನವರನ್ನು ನಾನು ನೋಡಿದ್ದು ಒಂದೇ ಒಂದು ಪಟದಲ್ಲಿ. ಅದರಲ್ಲಿ ಅವರು ಪೆಟ್ಟಿಗೆಯೊಳಗೆ ಮಲಗಿದ್ದರು. ಕೈಯಲ್ಲಿ ಜಪಮಾಲೆ, ಮೂಗಿನಲ್ಲಿ ಹತ್ತಿ, ಸುತ್ತ ಮನೆಮಂದಿಯೆಲ್ಲ ಸಾಲಾಗಿ ನಿಂತು ಕ್ಯಾಮೆರಾದ ಕಡೆ ನೋಡುತ್ತಿದ್ದರು. ಕಾಪು ಕಡೆಯ ನಮ್ಮ ಕ್ರೈಸ್ತ ಮನೆಗಳಲ್ಲಿ ಆಗ ಇದೇ ರೂಢಿ. ಬದುಕಿದ್ದಾಗ ಯಾರೂ ಸ್ಟುಡಿಯೊದ ಮೆಟ್ಟಿಲು ಹತ್ತುತ್ತಿರಲಿಲ್ಲ. ಸತ್ತ ದಿನ ಮಾತ್ರ ಉಡುಪಿಗೆ ಜನ ಓಡಿಸಿ ಪಟ ತೆಗೆಯುವವನನ್ನು ಕರೆಸುತ್ತಿದ್ದರು. ಬೊಂಬಾಯಿಯಲ್ಲಿರುವ ಮಗನಿಗೆ, ಗಲ್ಫಿನಲ್ಲಿರುವ ತಮ್ಮನಿಗೆ ತೋರಿಸಬೇಕಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಮೊದಲ ಪಟವೂ ಕೊನೆಯ ಪಟವೂ ಅದೊಂದೇ ಆಗಿರುತ್ತಿತ್ತು.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಆ ಪಟವನ್ನು ಕಪಾಟಿನಿಂದ ತೆಗೆದು ತೋರಿಸಿದವಳು ನಾದಿನಿ, ನನ್ನ ಗಂಡನ ಒಬ್ಬಳೇ ತಂಗಿ. ತಂದೆ ಹೋದಾಗ ಅವಳಿಗೆ ಏನೂ ತಿಳಿಯದ ಪ್ರಾಯ. ನನ್ನನ್ನು ಅವಳು ವೊನಿ ಎನ್ನುತ್ತಿದ್ದಳು, ಅಂದರೆ ಅತ್ತಿಗೆ.

"ಪಪ್ಪನ ಮುಖ ನೆನಪು ಮಾಡಿಕೊಂಡರೆ ನನಗೆ ಇದೇ ಬರುವುದು ವೊನಿ, ಕಣ್ಣು ಮುಚ್ಚಿದ್ದು. ಕಣ್ಣು ಬಿಟ್ಟರೆ ಹೇಗಿದ್ದರು ಅಂತ ಗೊತ್ತೇ ಇಲ್ಲ," ಎಂದಳು. ನಾನು ಪಟವನ್ನು ಕೈಗೆ ತೆಗೆದುಕೊಂಡು ನೋಡುತ್ತಾ ಕೂತೆ. ಅದರಲ್ಲಿ ಪೆಟ್ಟಿಗೆಯ ತಲೆಯ ಕಡೆ ಒಬ್ಬ ಹೆಂಗಸು ಸೆರಗಿನಲ್ಲಿ ಮುಖ ಪೂರ್ತಿ ಮುಚ್ಚಿಕೊಂಡು ಬಾಗಿದ್ದರು. ಅವರೇ ನನ್ನ ಅತ್ತೆ.

ಅತ್ತೆಯನ್ನು ನಾನು ಮಾಂಯ್ ಎನ್ನುತ್ತಿದ್ದೆ. ನಮ್ಮ ಕೊಂಕಣಿಯಲ್ಲಿ ಹೆತ್ತ ತಾಯಿಯೂ ಮಾಂಯ್, ಗಂಡನ ತಾಯಿಯೂ ಮಾಂಯ್. ಕಾರ್ಕಳದಲ್ಲಿ ಒಬ್ಬರನ್ನು ಬಿಟ್ಟುಬಂದು ಕಾಪುವಿನಲ್ಲಿ ಇನ್ನೊಬ್ಬರನ್ನು ಅದೇ ಹೆಸರಿನಿಂದ ಕರೆಯಲು ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಆಮೇಲೆ ರೂಢಿಯಾಯಿತು. ಈ ಮಾಂಯ್‌ಯ ಮುಖ ಕಾಣುವ ಪಟ ಲೋಕದಲ್ಲಿ ಒಂದೂ ಇರಲಿಲ್ಲ. ನಮ್ಮ ಮದುವೆಯ ಗುಂಪು ಪಟದಲ್ಲೂ ಇಲ್ಲ. ಆ ಹೊತ್ತಿಗೆ ಸರಿಯಾಗಿ ಅಡುಗೆಯ ಕಡೆ ಏನೋ ಹೊತ್ತಿದ ವಾಸನೆ ಬಂತೆಂದು ಎದ್ದುಹೋಗಿದ್ದರಂತೆ. ಏನೂ ಹೊತ್ತಿರಲಿಲ್ಲ.

"ನನ್ನ ಪಟ ಎಂತಕ್ಕೆ ಈಗ? ಕಣ್ಣು ಮುಚ್ಚಿದ ಮೇಲೆ ತೆಗೆಯಿರಿ. ಆಗ ನಾನು ಅಲುಗಾಡುವುದೂ ಇಲ್ಲ," ಎನ್ನುತ್ತಿದ್ದರು. ಹೇಳಿ ತಾವೇ ನಗುತ್ತಿದ್ದರು. ನನಗೆ ಮಾತ್ರ ಆ ತಮಾಷೆ ಹಿಡಿಸುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ನನ್ನ ಗಂಡ ಗಲ್ಫಿನಿಂದ ರಜೆಯಲ್ಲಿ ಬರುವಾಗ ಒಂದು ಕ್ಯಾಮೆರಾ ತಂದರು, ಜೊತೆಗೆ ಮಿಂಚು ಹೊಡೆಯುವ ಫ್ಲ್ಯಾಶ್. ರಜೆ ಮುಗಿಯುವವರೆಗೆ ಅವರೇ ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ಊರೆಲ್ಲ ತಿರುಗಿದರು. ಹೊರಡುವ ಹಿಂದಿನ ದಿನ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, "ಜೋಪಾನ. ಯಾರಿಗೂ ಕೊಡುವುದು ಬೇಡ, ನೀನೂ ಮುಟ್ಟುವುದು ಬೇಡ," ಎಂದರು. ಮುಟ್ಟುವುದು ಬೇಡ ಎಂದದ್ದೇ ತಪ್ಪಾಯಿತು. ಅವರ ಬಸ್ಸು ಹೆದ್ದಾರಿ ದಾಟುವುದರೊಳಗೆ ನಾನು ಕಪಾಟಿನ ಬಾಗಿಲು ತೆಗೆದಾಗಿತ್ತು.

ಹೆಂಗಸು ಕ್ಯಾಮೆರಾ ಹಿಡಿದುಕೊಂಡು ಹೊರಟರೆ ನಮ್ಮ ಕಡೆ ಆಗ ಸಣ್ಣ ಸುದ್ದಿಯಲ್ಲ. ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಮೆಟ್ಟಿಲಲ್ಲಿ ನನ್ನನ್ನು ಕಂಡರೆ ಕೆಲವರು "ಪಟದ ಬಾಯಮ್ಮ ಬಂದಳು" ಎಂದು ಕಿಸಕ್ಕನೆ ನಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದೇ ಜನ ಮಗಳ ಮದುವೆ ಬಂದಾಗ ನಮ್ಮ ಅಂಗಳಕ್ಕೆ ಬಂದು, "ರೋಸ್‌ಗೆ ಒಮ್ಮೆ ಬರ್ತೀಯಾ ಮಾರಾಯ್ತಿ? ಹೆಂಗಸರ ಕಾರ್ಯ ಅಲ್ವಾ, ಗಂಡಸು ಪಟದವ ಬಂದರೆ ಹುಡುಗಿಗೆ ನಾಚಿಕೆ," ಎನ್ನುತ್ತಿದ್ದರು. ನಾನು ಸ್ವಲ್ಪ ಬಿಂಕ ಮಾಡಿಯೇ ಒಪ್ಪುತ್ತಿದ್ದೆ.

ರೋಸ್ ಎಂದರೆ ಮದುವೆಯ ಹಿಂದಿನ ಸಂಜೆಯ ಶಾಸ್ತ್ರ. ಅಂಗಳದ ಚಪ್ಪರದಲ್ಲಿ ಮದುಮಗಳನ್ನು ಕೂರಿಸಿ, ಬಂಧುಗಳು ಒಬ್ಬೊಬ್ಬರಾಗಿ ಬಂದು ತಲೆಗೆ ಎಣ್ಣೆ, ತೆಂಗಿನ ಹಾಲು ಹಚ್ಚಿ ಹರಸುವುದು. ಕತ್ತಲಾದ ಮೇಲೆಯೇ ಶುರು. ಕರೆಂಟು ಇದ್ದ ಮನೆಯಲ್ಲಿ ಒಂದೆರಡು ಟ್ಯೂಬ್‌ಲೈಟ್, ಇಲ್ಲದ ಮನೆಯಲ್ಲಿ ಗ್ಯಾಸ್‌ಲೈಟ್. ಅಷ್ಟು ಬೆಳಕಿನಲ್ಲಿ ಪಟ ತೆಗೆಯಬೇಕಾದರೆ ಫ್ಲ್ಯಾಶ್ ಹೊಡೆಯಲೇಬೇಕು ಎಂದು ನಾನು ತಿಳಿದಿದ್ದೆ. ಹೊಡೆದದ್ದೂ ಹೊಡೆದದ್ದೇ. ತೆಂಗಿನ ಹಾಲು ಇಳಿಯುವ ಮುಖಕ್ಕೆ ಆ ಮಿಂಚು ಬಿದ್ದರೆ ಮೂಗು ಯಾವುದು, ಕೆನ್ನೆ ಯಾವುದು ಎಂದು ಹೆತ್ತವರಿಗೂ ಗೊತ್ತಾಗುತ್ತಿರಲಿಲ್ಲ. ಹಿಂದೆ ನಿಂತವರೆಲ್ಲ ಕತ್ತಲೆಯಲ್ಲಿ ಮುಳುಗಿಹೋಗುತ್ತಿದ್ದರು.

ಅಂಥ ಒಂದು ನೆರೆಮನೆಯ ರೋಸ್‌ನಲ್ಲಿ ಮಾಂಯ್ ನನ್ನ ಕೈಗೆ ಸಿಕ್ಕಿದರು. ತೆಂಗಿನ ಹಾಲು ಹಿಂಡುವುದರಲ್ಲಿ ಅವರದು ಎತ್ತಿದ ಕೈ. ಸುತ್ತಮುತ್ತ ಯಾರ ಮನೆಯಲ್ಲಿ ರೋಸ್ ಇದ್ದರೂ ಹಿಂಡಲು ಅವರಿಗೇ ಹೇಳಿಕೆ ಬರುತ್ತಿತ್ತು. ಆದರೆ ಹಿಂಡಿದ ಹಾಲನ್ನು ಮದುಮಗಳಿಗೆ ಹಚ್ಚಲು ಅವರು ಚಪ್ಪರದೊಳಗೆ ಬರುತ್ತಿರಲಿಲ್ಲ. ಗಂಡ ಹೋದವರು ಮುಂದೆ ಬರಬಾರದೆಂದು ಹಳಬರ ಒಂದು ನಂಬಿಕೆ. ಯಾರೂ ಬೇಡ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬನ್ನಿ ಎಂದೂ ಕರೆಯುತ್ತಿರಲಿಲ್ಲ. ಮಾಂಯ್ ತಾವಾಗಿಯೇ ಹಿಂದೆ, ಬೆಳಕು ಮುಗಿಯುವ ಕಡೆ ನಿಲ್ಲುತ್ತಿದ್ದರು. ನಾನು ಹಿಂದಿನಿಂದ ಬಳಸಿ ಹೋಗಿ ಎದುರು ನಿಂತು ಮಿಂಚು ಹೊಡೆದೆ. ಅವರು "ಜೇಜು" ಎಂದು ಯೇಸುವನ್ನು ಕೂಗಿ ಎರಡೂ ಕೈಯಲ್ಲಿ ಕಣ್ಣು ಒತ್ತಿಕೊಂಡು ಅಲ್ಲೇ ಕೂತುಬಿಟ್ಟರು.

ಆಗ ನನಗೆ ಗೊತ್ತಾದದ್ದು ಅವರ ಕಣ್ಣಿನ ಸಂಗತಿ. ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು, ಹೇಳಿರಲಿಲ್ಲ. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಹಗಲಿಡೀ ಸೆರಗು ಹಣೆಯವರೆಗೆ ಎಳೆದುಕೊಂಡು, ಮುಖ ಗಂಟು ಮಾಡಿಕೊಂಡು ಓಡಾಡುತ್ತಿದ್ದದ್ದು ಸಿಡುಕಿನಿಂದ ಅಲ್ಲ, ಬೆಳಕಿನಿಂದ. ಹೊತ್ತು ಮುಳುಗಿದ ಮೇಲೆಯೇ ಅವರ ಹಣೆಯ ಗಂಟು ಬಿಚ್ಚುತ್ತಿತ್ತು. ಇಷ್ಟು ದಿನ ಒಂದೇ ಮನೆಯಲ್ಲಿದ್ದು ನನಗೆ ಇದು ಕಾಣಲಿಲ್ಲವಲ್ಲ ಎಂದು ಬೇಜಾರಾಯಿತು. ಪಟ ತೊಳೆದು ಬಂದಾಗ ಮಾಂಯ್ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ಎಂತ ಉಂಟು ಇದರಲ್ಲಿ? ನನಗೆ ಬರೀ ಬಿಳಿ ಕಾಣ್ತದೆ."

"ನೀವೇ ಮಾಂಯ್," ಎಂದಳು ನಾದಿನಿ. "ಕಣ್ಣು ಮಾತ್ರ ಮುಚ್ಚಿದೆ."

"ಆಯಿತಲ್ಲ ಹಾಗಾದರೆ. ಕಣ್ಣು ಮುಚ್ಚಿದ ಪಟ ಈಗಲೇ ಆಯಿತು. ಇನ್ನು ಪೆಟ್ಟಿಗೆಯ ದಿನ ಉಡುಪಿಗೆ ಓಡುವುದು ಬೇಡ," ಎಂದು ಮಾಂಯ್ ನಕ್ಕರು. ನಾದಿನಿ ನಗಲಿಲ್ಲ. ಆ ಪಟವನ್ನು ನಾನು ಅಂದೇ ಒಲೆಗೆ ಹಾಕಿದೆ.

ಮುಂದಿನ ವರ್ಷ ನಾದಿನಿಗೆ ಬೊಂಬಾಯಿಯ ಸಂಬಂಧ ಕುದುರಿತು. ಮಣಿಪಾಲದ ಡಾಕ್ಟರು ಮಾಂಯ್‌ಯ ಕಣ್ಣು ನೋಡಿ ಪೊರೆ ತೆಗೆಯಬೇಕು ಎಂದಿದ್ದರು. "ಮೊದಲು ಮಗಳ ಮದುವೆ. ಆಮೇಲೆ ನನ್ನನ್ನು ಎಲ್ಲಿಗೆ ಬೇಕಾದರೂ ಹೊತ್ತುಹಾಕಿ," ಎಂದು ಮಾಂಯ್ ಹಟ ಹಿಡಿದರು. ಆಪರೇಷನ್ ಎಂದರೆ ಹೋದವರು ತಿರುಗಿ ಬರುವುದಿಲ್ಲ ಎಂಬ ಹೆದರಿಕೆ ಅವರಿಗಿತ್ತು. ಅದನ್ನೂ ಅವರು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮದುವೆ ಗೊತ್ತಾದಂದಿನಿಂದ ಇಗರ್ಜಿಯಲ್ಲಿ ಹೆಚ್ಚು ಹೊತ್ತು ಕೂರತೊಡಗಿದರು.

ಒಂದು ಸಂಜೆ ಬಾವಿಕಟ್ಟೆಯಲ್ಲಿ ನಾದಿನಿ ಕೊಡ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು.

"ವೊನಿ, ನನಗೆ ಚಿನ್ನ ಎಷ್ಟು ಹಾಕ್ತೀರಿ ಅಂತ ನಾನು ಕೇಳುವುದಿಲ್ಲ. ಮಾಂಯ್‌ಯ ಒಂದು ಪಟ ತೆಗೆದುಕೊಡಿ. ಕಣ್ಣು ಬಿಟ್ಟದ್ದು. ಪಪ್ಪನದ್ದು ಆದ ಹಾಗೆ ಮಾಂಯ್‌ದೂ ಆದರೆ ನಾನು ಅಲ್ಲಿ ಕೂತು ಯಾರ ಮುಖ ನೆನಪು ಮಾಡಲಿ?"

"ತೆಗೆದುಕೊಡ್ತೇನೆ," ಎಂದೆ. ಹೇಗೆ ಎಂದು ನನಗೆ ಒಂದಿಷ್ಟೂ ಗೊತ್ತಿರಲಿಲ್ಲ. ಹಗಲಲ್ಲಿ ಅವರ ಕಣ್ಣು ತೆರೆಯುವುದಿಲ್ಲ, ಕತ್ತಲೆಯಲ್ಲಿ ಮಿಂಚು ಹೊಡೆದರೆ ಮುಚ್ಚುತ್ತದೆ. ಹಾಗಾದರೆ ಮಿಂಚಿಲ್ಲದೆ ಕತ್ತಲೆಯಲ್ಲೇ ತೆಗೆಯಬೇಕು. ಆಗುವುದಿಲ್ಲ ಎಂದು ಯಾರಾದರೂ ಹೇಳಲಿ ನೋಡುವಾ ಎಂದುಕೊಂಡು ಮರುದಿನವೇ ಉಡುಪಿಯ ಬಸ್ಸು ಹತ್ತಿದೆ.

ನನ್ನ ಫಿಲ್ಮ್ ತೊಳೆಯುತ್ತಿದ್ದ ಸ್ಟುಡಿಯೊದವರು ಉಡುಪಿಯ ಒಂದು ಮಹಡಿಯ ಮೇಲೆ ಕೂರುತ್ತಿದ್ದರು. ತುಳು ಮಾತಿನ ವಯಸ್ಸಾದ ಮನುಷ್ಯ, ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ನನ್ನ ಪ್ರಶ್ನೆ ಕೇಳಿ ಕ್ಯಾಮೆರಾ ತಿರುಗಿಸಿ ನೋಡಿ, "ಇದರಲ್ಲಿ ಒಂದು ಉಪಾಯ ಉಂಟು. ಈ ಅಕ್ಷರಕ್ಕೆ ತಿರುಗಿಸಿದರೆ ನೀವು ಒತ್ತಿಹಿಡಿದಷ್ಟು ಹೊತ್ತೂ ಇದರ ಕಣ್ಣು ತೆರೆದೇ ಇರ್ತದೆ. ಇದ್ದ ಚೂರು ಬೆಳಕನ್ನೇ ಸ್ವಲ್ಪ ಸ್ವಲ್ಪ ಕುಡೀತದೆ. ಆದರೆ ಕ್ಯಾಮೆರಾ ಅಲುಗಬಾರದು, ಎದುರಿದ್ದವರೂ ಅಲುಗಬಾರದು. ಮನುಷ್ಯರು ಹಾಗೆ ನಿಲ್ತಾರಾ ಬಾಯಮ್ಮ? ಅದು ಗೋಪುರ, ಕಟ್ಟಡ ತೆಗೆಯುವವರಿಗೆ," ಎಂದರು. ಆದರೂ ಕೈ ತಾಗದೆ ಒತ್ತಲು ಬರುವ ಒಂದು ತಂತಿಯನ್ನು ಡ್ರಾಯರಿನಿಂದ ಹುಡುಕಿ ಕೊಟ್ಟರು.

ನಾನು ಶುರುಮಾಡಿದೆ. ಅಲುಗದೆ ನಿಲ್ಲಲು ಕ್ಯಾಮೆರಾಕ್ಕೆ ಮೂರು ಕಾಲಿನ ಸ್ಟ್ಯಾಂಡ್ ನನ್ನಲ್ಲಿರಲಿಲ್ಲ. ಒಂದು ಸಣ್ಣ ಚೀಲದಲ್ಲಿ ಕುಚ್ಚಲಕ್ಕಿ ತುಂಬಿಸಿ, ಅದರ ಮೇಲೆ ಕ್ಯಾಮೆರಾವನ್ನು ಒತ್ತಿ ಕೂರಿಸಿದರೆ ಗೋಡೆಯ ಮೇಲೂ ಕೂರುತ್ತದೆ, ಬೆಂಚಿನ ಮೇಲೂ ಕೂರುತ್ತದೆ ಎಂದು ಕಂಡುಕೊಂಡೆ. ಗಡಿಯಾರ ಕತ್ತಲೆಯಲ್ಲಿ ಕಾಣುವುದಿಲ್ಲ. ಅದಕ್ಕೂ ದಾರಿ ಸಿಕ್ಕಿತು. ನಮಾನ್ ಮೊರಿಯೆ ಎಂದು ನಾವು ಮರಿಯಮ್ಮನವರಿಗೆ ಹೇಳುವ ಜಪವನ್ನು ಚಿಕ್ಕಂದಿನಿಂದ ಒಂದೇ ಹದದಲ್ಲಿ ಹೇಳಿ ಅಭ್ಯಾಸ. ಮೊದಲ ಸಾಲಿನಷ್ಟು, ಅರ್ಧ ಜಪದಷ್ಟು, ಹೀಗೆ ಬೇರೆ ಬೇರೆ ಅಳತೆಯಲ್ಲಿ ಒತ್ತಿ ನೋಡಿದೆ. ಟ್ಯೂಬ್‌ಲೈಟಿಗೆ ಮೊದಲ ಸಾಲು, ಗ್ಯಾಸ್‌ಲೈಟಿಗೆ ಅರ್ಧ ಜಪ, ಇದು ನನ್ನ ಲೆಕ್ಕ.

ಉಚ್ಚಿಲದ ಹತ್ತಿರ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಇದ್ದಾಗ ನೆರೆಮನೆಯವರ ಜೊತೆ ಹೋಗಿ ಮುಂದಿನ ಬೆಂಚಿನ ಮೇಲೆ ಅಕ್ಕಿಚೀಲ ಇಟ್ಟೆ. ರಂಗದಲ್ಲಿ ರಾಕ್ಷಸ ಬೊಬ್ಬೆ ಹೊಡೆಯುವಾಗ ನಾನು ಕೆಳಗೆ ಕೂತು ನಮಾನ್ ಮೊರಿಯೆ ಗುನುಗುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, "ಹೆದರಿಕೆ ಆಗ್ತದಾ ಮಗಾ? ಅದು ವೇಷ ಮಾರಾಯ್ತಿ," ಎಂದು ನನ್ನ ಬೆನ್ನು ಸವರಿದರು. ಆ ಫಿಲ್ಮ್ ತೊಳೆದು ನೋಡಿದರೆ ಕುಣಿದವರೆಲ್ಲ ಹೊಗೆಯಾಗಿದ್ದರು. ಸಿಂಹಾಸನದಲ್ಲಿ ಕೂತು ತನ್ನ ಸರದಿಗೆ ಕಾಯುತ್ತಿದ್ದ ಮುದಿ ರಾಜ ಮಾತ್ರ ಕಿರೀಟದ ಮಣಿ ಸಹಿತ ಸ್ಪಷ್ಟ ಬಂದಿದ್ದ.

"ಇದು ಎಂತ ಬಾಯಮ್ಮ, ಅಮಾವಾಸ್ಯೆಯ ಪಟವಾ?" ಎಂದು ಸ್ಟುಡಿಯೊದವರು ಉಳಿದದ್ದನ್ನು ನೋಡಿ ತಮಾಷೆ ಮಾಡಿದರು. ನಾನು ರಾಜನನ್ನು ತೋರಿಸಿ, "ಇವರು ಬಂದಿದ್ದಾರಲ್ಲ," ಎಂದೆ. ಅವರು ಕನ್ನಡಕ ಮೇಲೆ ಮಾಡಿ ಮತ್ತೊಮ್ಮೆ ನೋಡಿದರು.

ಕಾರ್ಕಳದಲ್ಲಿ ತವರಿನ ಪಕ್ಕದ ಶಾಲೆಯ ವಾರ್ಷಿಕೋತ್ಸವ ಮೈದಾನದಲ್ಲಿ ನಡೆದಾಗಲೂ ಹೋದೆ. ಮಕ್ಕಳು ಒಂದು ಕ್ಷಣವೂ ನಿಲ್ಲುವ ಪೈಕಿ ಅಲ್ಲ, ಎಲ್ಲ ಹಾಳು. ಆದರೆ ರಾಷ್ಟ್ರಗೀತೆಯ ಹೊತ್ತಿಗೆ ಒತ್ತಿದ ಒಂದು ಪಟದಲ್ಲಿ ಮೈದಾನಕ್ಕೆ ಮೈದಾನವೇ ಬಂದಿತ್ತು, ಹಿಂದಿನ ಸಾಲಿನ ತಾಯಂದಿರು ಕೂಡ. ಅದನ್ನು ನೋಡಿದಾಗ ನನಗೆ ತಲೆಯಲ್ಲಿ ದೀಪ ಹತ್ತಿತು. ಜನ ತಾವಾಗಿಯೇ ಅಲುಗದೆ ನಿಲ್ಲುವ ಹೊತ್ತು ಯಾವುದೆಂದು ಹುಡುಕಬೇಕು. ಮಾಂಯ್ ಯಾವಾಗ ನಿಲ್ಲುತ್ತಾರೆ?

ಮಾಂಯ್ ನಿಲ್ಲುವುದು ಪ್ರಾರ್ಥನೆಗೆ ಮಾತ್ರ. ಉಳಿದ ಹೊತ್ತು ಕೈ ಇಲ್ಲವೇ ಬಾಯಿ ಆಡುತ್ತಲೇ ಇರುತ್ತಿತ್ತು. ಸಂಜೆ ಮನೆಯ ದೇವರ ಪೀಠದ, ಆಲ್ತಾರಿನ, ಎದುರು ನಾವೆಲ್ಲ ಜಪಸರ ಹಿಡಿದು ಕೂತಾಗ ಮಾತ್ರ ಮುಖದ ಮೇಲೆ ನೊಣ ಕೂತರೂ ಅವರು ಕೈ ಎತ್ತುತ್ತಿರಲಿಲ್ಲ. ಇನ್ನೊಂದು ವಿಚಿತ್ರ, ಪ್ರಾರ್ಥನೆಯಲ್ಲಿ ಅವರು ಕಣ್ಣು ಮುಚ್ಚುತ್ತಿರಲಿಲ್ಲ. ನಾನು ಒಮ್ಮೆ ಕೇಳಿದ್ದೆ. "ಎಲ್ಲರೂ ಕಣ್ಣು ಮುಚ್ಚಿದರೆ ಮನೆ ನೋಡುವವರು ಯಾರು? ಬೆಕ್ಕು ಬಂದು ಮೀನು ಕೊಂಡುಹೋಗ್ತದೆ," ಎಂದಿದ್ದರು. ಮಾವ ಹೋದ ಮೇಲೆ ಶುರುವಾದ ಅಭ್ಯಾಸ ಅದು ಎಂದು ಗಂಡ ಹೇಳಿದ್ದರು.

ಒಂದು ಸಂಜೆ ಪ್ರಾರ್ಥನೆಗೆ ಮೊದಲು ಕ್ಯಾಮೆರಾವನ್ನು ಕಿಟಕಿಯಲ್ಲಿಟ್ಟೆ. ಪೊರೆ ಬಂದ ಕಣ್ಣಿಗೆ ಅದು ಹೇಗೆ ಕಂಡಿತೋ.

"ಆಲ್ತಾರಿನ ಎದುರು ಆ ಪೆಟ್ಟಿಗೆ ಬೇಡ. ದೇವರೊಟ್ಟಿಗೆ ಮಾತಾಡುವಾಗ ಮಧ್ಯ ಕದ್ದು ನೋಡುವುದಾ?" ಎಂದು ಗದರಿದರು. ಕ್ಯಾಮೆರಾಕ್ಕೂ ಅವರು ಪೆಟ್ಟಿಗೆ ಎಂದೇ ಹೇಳುತ್ತಿದ್ದದ್ದು. ನಾನು ತೆಗೆದಿಟ್ಟೆ. ಆದರೆ ಅವರು ಬೇಡ ಎಂದದ್ದು ಆಲ್ತಾರಿನ ಎದುರು. ಅಂಗಳದಲ್ಲಿ ಬೇಡ ಎಂದಿರಲಿಲ್ಲ.

ರೋಸ್‌ನಲ್ಲಿ ಎಣ್ಣೆ ಮುಟ್ಟುವ ಮೊದಲು ಎಲ್ಲರೂ ಎದ್ದು ನಿಂತು ಆ ಮನೆಯಲ್ಲಿ ತೀರಿಹೋದವರಿಗಾಗಿ ಪ್ರಾರ್ಥನೆ ಮಾಡುವುದುಂಟು. ನಾದಿನಿಯ ರೋಸ್‌ನಲ್ಲಿ ತೀರಿಹೋದವರೆಂದರೆ ಮೊದಲು ಮಾವ. ಮಾಂಯ್ ಎಲ್ಲಿದ್ದರೂ ಆಗ ನಿಲ್ಲಲೇಬೇಕು. ನಾನೂ ನಾದಿನಿಯೂ ಗುಟ್ಟಾಗಿ ಯೋಚನೆ ಮಾಡಿದೆವು. ಮಾಂಯ್ ಸಾಮಾನ್ಯವಾಗಿ ಹಾಲಿನ ಚರಿಗೆ ಹಿಡಿದು ನಿಲ್ಲುವುದು ಹಲಸಿನ ಮರದ ಬುಡದಲ್ಲಿ, ಚಪ್ಪರದ ಹಿಂದೆ. ಅಲ್ಲಿಗೊಂದು ಗ್ಯಾಸ್‌ಲೈಟ್ ನೇತುಹಾಕಿಸುವ ಕೆಲಸ ಅವಳದ್ದು. ಜಗಲಿಯ ತುದಿಯ ಅರೆಯುವ ಕಲ್ಲಿನ ಮೇಲೆ ಅಕ್ಕಿಚೀಲವಿಟ್ಟು ಕಾಯುವ ಕೆಲಸ ನನ್ನದು.

ಆ ಸಂಜೆ ಎಲ್ಲ ನಾವೆಣಿಸಿದ ಹಾಗೆಯೇ ನಡೆಯಿತು, ಮಾಂಯ್ ಬರುವವರೆಗೆ. ಅವರು ತಾಮ್ರದ ಚರಿಗೆ ಹಿಡಿದು ಹಲಸಿನ ಬುಡಕ್ಕೆ ಬಂದರು. "ಇಲ್ಲಿ ಯಾರು ಇದನ್ನು ಕಟ್ಟಿದ್ದು? ಕಣ್ಣಿಗೆ ಕುತ್ತುತ್ತದೆ," ಎಂದು ಗೊಣಗಿದರು. ಗೊಣಗುತ್ತಾ ಹಿಂದೆ ಹಿಂದೆ ಸರಿದು, ಬಾವಿಕಟ್ಟೆಯ ಹತ್ತಿರ, ಬೆಳಕು ಇದ್ದೂ ಇಲ್ಲದ ಜಾಗದಲ್ಲಿ ನಿಂತರು. ಜಗಲಿಯಿಂದ ನೋಡಿದರೆ ಬಿಳಿ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಮುಖ ಇಲ್ಲವೇ ಇಲ್ಲ. ಚಪ್ಪರದಲ್ಲಿ ಮಣೆಯ ಮೇಲೆ ಕೂತಿದ್ದ ನಾದಿನಿ ತಲೆ ಎತ್ತಿ ನನ್ನನ್ನು ನೋಡಿದಳು. ನಾನು ಏನೂ ಆಗದವಳ ಹಾಗೆ ತಲೆ ಅಲ್ಲಾಡಿಸಿದೆ. ಕ್ಯಾಮೆರಾವನ್ನು ಇನ್ನೂ ಪಕ್ಕಕ್ಕೆ ತಿರುಗಿಸಿ ಬಾವಿಕಟ್ಟೆ ಒಂದು ಮೂಲೆಯಲ್ಲಿ ಬರುವ ಹಾಗೆ ಮಾಡಿದೆ. ಬಂದರೆ ಬರಲಿ, ಬಾರದಿದ್ದರೆ ನಾಳೆ ಇನ್ನೊಂದು ದಾರಿ, ಬಿಡುವ ಮಾತಿಲ್ಲ.

ರಜೆ ಸಿಗದ ಗಂಡನ ಬದಲು ಅವರ ದೊಡ್ಡಪ್ಪ ಎದ್ದು ಶಿಲುಬೆಯ ಗುರುತು ಮಾಡಿದರು. ಚಪ್ಪರವಿಡೀ ಎದ್ದು ನಿಂತಿತು. "ಈ ಮನೆಯ ಯಜಮಾನರ ಆತ್ಮಕ್ಕಾಗಿ," ಎಂದು ಅವರು ಶುರುಮಾಡಿದ್ದೇ ನಾನು ತಂತಿ ಒತ್ತಿದೆ. ನನ್ನ ಲೆಕ್ಕ ಅರ್ಧ ಜಪ. ಆದರೆ ನಾನೊಂದು ಎಣಿಸಿರಲಿಲ್ಲ. ದೊಡ್ಡಪ್ಪ ಹೇಳಿಸಿದ್ದೂ ನಮಾನ್ ಮೊರಿಯೆಯೇ. ಇಷ್ಟು ದಿನ ಯಕ್ಷಗಾನದಲ್ಲಿ, ಶಾಲೆಯ ಮೈದಾನದಲ್ಲಿ ನನ್ನಷ್ಟಕ್ಕೆ ಗುನುಗಿ ಅರ್ಧಕ್ಕೆ ನಿಲ್ಲಿಸುತ್ತಿದ್ದ ಜಪವನ್ನು ಈಗ ಊರಿಡೀ ಸೇರಿ ಗಟ್ಟಿಯಾಗಿ ಹೇಳುತ್ತಿತ್ತು, ನಾನು ಕಾಣದ ಮಾವನಿಗಾಗಿ. ನನ್ನ ಬಾಯಿ ಅವರೊಂದಿಗೆ ಹೋಯಿತು. ಅರ್ಧ ಬಂತು, ದಾಟಿತು. ಸತ್ತವರ ಹೆಸರಿನಲ್ಲಿ ಹಿಡಿದ ಜಪವನ್ನು ಅರ್ಧಕ್ಕೆ ಬಿಡಲು ಯಾವ ಕ್ರೈಸ್ತ ಹೆಂಗಸಿಗೂ ಬಾಯಿ ಬರುವುದಿಲ್ಲ. ಬಾಯಿ ನಿಲ್ಲದೆ ಬೆರಳೂ ನಿಲ್ಲಲಿಲ್ಲ. ಕೊನೆಗೆ ಎಲ್ಲರೂ ಆಮೆನ್ ಎಂದಾಗಲೇ ನನಗೆ ತಂತಿಯ ನೆನಪಾದದ್ದು.

ಮತ್ತೊಮ್ಮೆ ಒತ್ತಲು ಫಿಲ್ಮ್ ತಿರುಗಿಸುವುದರೊಳಗೆ ಹೆಂಗಸರು ಹೇಳುವ ಮದುವೆಯ ವೊವಿಯೊ ಹಾಡು ಶುರುವಾಯಿತು. ಮಾಂಯ್ ಹಾಲಿನ ಚರಿಗೆಯನ್ನು ಯಾರದೋ ಕೈಗೆ ಕೊಟ್ಟು ಅಡುಗೆಯ ಕಡೆ ನಡೆದಿದ್ದರು. ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ತಿಂಗಳುಗಟ್ಟಲೆ ಕಲಿತ ಲೆಕ್ಕವನ್ನು ಬೇಕಾದ ಹೊತ್ತಿಗೆ ಕಳೆದುಕೊಂಡೆನಲ್ಲ. ಅರೆಯುವ ಕಲ್ಲಿನ ಪಕ್ಕ ಕೂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಎದ್ದು ಉಳಿದ ಪಟಗಳನ್ನು ತೆಗೆದೆ, ಮದುವೆಮನೆ ಅಲ್ವಾ.

ಮದುವೆ ಮುಗಿದ ವಾರ ಉಡುಪಿಗೆ ಹೋದೆ. ಸ್ಟುಡಿಯೊದವರು ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು, "ಬಾಯಮ್ಮ, ಇದು ಸುಟ್ಟುಹೋಗಿದೆ. ಎಷ್ಟು ಹೊತ್ತು ಒತ್ತಿದ್ದು ನೀವು?" ಎಂದರು.

"ಇಡೀ ನಮಾನ್ ಮೊರಿಯೆ."

ಅವರಿಗೆ ಅರ್ಥವಾಗಲಿಲ್ಲ. ಚಪ್ಪರವೆಲ್ಲ ಬೆಳಕು ಕುಡಿದು ನೆಗೆಟಿವ್‌ನಲ್ಲಿ ಕಪ್ಪಗೆ ಉಬ್ಬಿತ್ತು, ನಿಂತವರೆಲ್ಲ ಒಬ್ಬರೊಳಗೊಬ್ಬರು ಕಲಸಿಹೋಗಿದ್ದರು. ಮದುಮಗಳು ಅಳುತ್ತಿದ್ದಳೆಂದು ಕಾಣುತ್ತದೆ, ಅವಳ ತಲೆ ಇರುವಲ್ಲಿ ಒಂದು ಕಪ್ಪು ಉಂಡೆ ಮಾತ್ರ. ಹಾಳು ಎಂದು ಕೆಳಗಿಡಲು ಹೊರಟ ಸ್ಟುಡಿಯೊದವರು ತಟ್ಟನೆ ಕನ್ನಡಕ ಮೇಲೆ ಮಾಡಿ ಒಂದು ಮೂಲೆಯನ್ನು ಕಣ್ಣಿಗೆ ಹತ್ತಿರ ತಂದರು. "ಇಲ್ಲಿ ಯಾರೋ ಇದ್ದಾರೆ," ಎಂದು ಎದ್ದು ಕತ್ತಲೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಬೀದಿಯ ಬಸ್ಸುಗಳ ಹಾರ್ನ್ ಕೇಳುತ್ತಾ ಕಾದೆ.

ಅವರು ತಂದುಕೊಟ್ಟ ಪಟ ಇನ್ನೂ ಒದ್ದೆಯಾಗಿತ್ತು. ಆ ಮೂಲೆಯೊಂದನ್ನೇ ದೊಡ್ಡದು ಮಾಡಿದ್ದರು. ಬಾವಿಯ ರಾಟೆ, ಹಗ್ಗ, ತಾಮ್ರದ ಚರಿಗೆ, ಅದನ್ನು ಹಿಡಿದ ಎರಡು ಕೈ, ಮೇಲೆ ಮಾಂಯ್. ಹಣೆಯ ಗಂಟು ಬಿಚ್ಚಿದ ಮುಖ. ಕಣ್ಣು ಎರಡೂ ತೆರೆದು ಚಪ್ಪರದ ಕಡೆ ನೋಡುತ್ತಿದ್ದವು. ಅರ್ಧ ಜಪಕ್ಕೆ ನಿಲ್ಲಿಸಿದ್ದರೆ ಅಷ್ಟು ಕತ್ತಲೆಯಲ್ಲಿ ಅವರು ಬರುತ್ತಿರಲಿಲ್ಲ ಎಂದು ಸ್ಟುಡಿಯೊದವರು ವಿವರಿಸಿದರು. ಇಡೀ ಜಪದುದ್ದಕ್ಕೂ ಒಂದಿಷ್ಟೂ ಅಲುಗದೆ ನಿಂತವರು ಆ ಮದುವೆಮನೆಯಲ್ಲಿ ಅವರೊಬ್ಬರೇ. ನನಗೆ ಬಸ್ಸಿನಲ್ಲಿ ಊರಿಗೆ ಬರುವವರೆಗೂ ಸಂತೋಷಕ್ಕೆ ಕೂರಲಾಗಲಿಲ್ಲ.

ನಾದಿನಿ ಬೊಂಬಾಯಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದಳು. ಪಟ ಕೈಗಿಟ್ಟೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಕೊನೆಗೆ, "ನಾನು ತಲೆ ತಗ್ಗಿಸಿಕೊಂಡೇ ಇದ್ದೆ. ಗ್ಯಾಸ್‌ಲೈಟ್ ಬಿಟ್ಟು ಸರಿದ ಮಾಂಯ್ ಅಡುಗೆಯ ಕಡೆ ಹೋದರು ಅಂತಲೇ ಎಣಿಸಿದ್ದೆ. ನನ್ನನ್ನೇ ನೋಡ್ತಾ ನಿಂತಿದ್ದರಲ್ಲ ವೊನಿ," ಎಂದಳು. ಪಟವನ್ನು ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡು ಹೋದಳು. ಇನ್ನೊಂದು ಪ್ರತಿಗೆ ಕಟ್ಟು ಹಾಕಿಸಿ ನಾನು ಜಗಲಿಯ ಗೋಡೆಗೆ ತೂಗುಹಾಕಿದೆ. ಮಾಂಯ್‌ಗೆ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. "ಕಪ್ಪು ಹಲಗೆ ತಂದು ಹಾಕಿದ್ದಾಳೆ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಮಣಿಪಾಲದಲ್ಲಿ ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು, ಎರಡರ ಪೊರೆಯನ್ನೂ ತೆಗೆದರು. ಒಳಗೆ ಹೋಗುವಾಗ ಮಾಂಯ್ ನನ್ನ ಕೈ ಬಿಡಲಿಲ್ಲ, ಬಿಡಿಸಿಕೊಳ್ಳಬೇಕಾಯಿತು. ಹೋದವರು ತಿರುಗಿ ಬಂದರು. ಗಾಯ ಮಾಗಿದ ಮೇಲೆ ದಪ್ಪ ಗಾಜಿನ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡು ಮನೆಗೆ ಬಂದವರು ಅಂಗಳದಲ್ಲೇ ನಿಂತು ಹಲಸಿನ ಮರ, ಕೋಳಿ, ನನ್ನ ತಲೆಯ ಬಿಳಿ ಕೂದಲು ಎಲ್ಲವನ್ನೂ ಒಂದೊಂದಾಗಿ ನೋಡಿದರು. "ನೀನು ಇಷ್ಟು ಕಪ್ಪಾ?" ಎಂದರು. ಆಮೇಲೆ ಜಗಲಿ ಹತ್ತಿದರು.

ಗೋಡೆಯ ಎದುರು ನಿಂತರು. ಕೈ ಎತ್ತಿ ಪಟವನ್ನು ಇಳಿಸಿ, ಸೆರಗಿನಿಂದ ಗಾಜು ಒರೆಸಿದರು.

"ಮಾಂಯ್," ಎಂದರು ಮೆಲ್ಲಗೆ.

"ಹೌದು ಮಾಂಯ್, ನೀವೇ," ಎಂದೆ ನಾನು, ಒಳಗೊಳಗೇ ಬೀಗುತ್ತಾ.

"ನಾನಲ್ಲ ಮಾರಾಯ್ತಿ. ನನ್ನ ಮಾಂಯ್. ಇವಳ ಪಟ ನಿನಗೆ ಎಲ್ಲಿ ಸಿಕ್ಕಿತು?"

ಅವರ ತಾಯಿಯ ಪಟ ಯಾರ ಹತ್ತಿರವೂ ಇರಲಿಲ್ಲ, ಪೆಟ್ಟಿಗೆಯದ್ದು ಕೂಡ. ಕನ್ನಡಿ ನೋಡುವುದನ್ನು ಗಂಡ ಹೋದಾಗ ಬಿಟ್ಟವರು, ಆಮೇಲೆ ಪೊರೆ ಬಂದು ನೋಡಿದರೂ ಕಾಣದವರು, ತಾವು ತಾಯಿಯ ಪ್ರಾಯಕ್ಕೆ ಬಂದು ತಾಯಿಯ ಮುಖವನ್ನೇ ಹೊತ್ತಿದ್ದೇವೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು. ಅವರ ಬೆರಳು ಗಾಜಿನ ಮೇಲೆ ಸರಿಯುತ್ತಾ ಚರಿಗೆಯ ಹತ್ತಿರ ನಿಂತಿತು. ಅದರ ಬಾಯಿಯ ತಗ್ಗನ್ನು ಗುರುತಿಸಿದರು. "ಈ ಚರಿಗೆ ನಮ್ಮದಲ್ವಾ," ಎಂದರು. ಆಮೇಲೆ ರಾಟೆ, ಬಾವಿಕಟ್ಟೆ. ಆಮೇಲೆ ಮತ್ತೆ ಮುಖ. ನಿಧಾನಕ್ಕೆ ಜಗಲಿಯ ದಂಡೆಯಲ್ಲಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಇಬ್ಬರ ಕಣ್ಣಲ್ಲೂ ನೀರಿತ್ತು, ಡಾಕ್ಟರು ಅಳಬಾರದು ಎಂದಿದ್ದರೂ.

ಕೊನೆಗೆ ಮಾಂಯ್ ಎದ್ದು ಪಟವನ್ನು ಮೊದಲಿದ್ದ ಮೊಳೆಗೇ ತೂಗುಹಾಕಿ, ವಾರೆಯಾಗಿದ್ದದ್ದನ್ನು ನೇರ ಮಾಡಿದರು.

"ಇದು ಅವಳದ್ದೇ ಇರಲಿ. ಪಾಪ, ಅವಳಿಗೆ ಒಂದೂ ಇರಲಿಲ್ಲ," ಎಂದರು. "ನನ್ನದು ಬೇರೆ ತೆಗೆ. ಆ ಪೆಟ್ಟಿಗೆ ತಾ."

ನಾನು ಕ್ಯಾಮೆರಾ ತರುವುದರೊಳಗೆ ಅವರು ಅಂಗಳದ ನಡುವೆ ಕುರ್ಚಿ ಹಾಕಿಸಿಕೊಂಡು, ಸೆರಗನ್ನು ಹಣೆಯಿಂದ ಹಿಂದೆ ಸರಿಸಿ ಕೂತಾಗಿತ್ತು. ಅಕ್ಕಿಚೀಲ ಬೇಡ, ತಂತಿ ಬೇಡ, ಜಪದ ಲೆಕ್ಕವೂ ಬೇಡ. ಮಧ್ಯಾಹ್ನದ ಬಿಸಿಲು ನೇರವಾಗಿ ಅವರ ಮುಖಕ್ಕೆ ಬೀಳುತ್ತಿತ್ತು. "ಒತ್ತು," ಎಂದರು. ಒತ್ತಿದೆ. ಮಾಂಯ್ ಕಣ್ಣು ಮುಚ್ಚಲಿಲ್ಲ.